ಡಬ್ಬ ಕಟ್ಟಿ ಕಳಿಸಿದವರಿಗೆ, ತಡವಾಗಿ ಒಂದು ಉತ್ತರ

ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನನ್ನ ಹೆಸರೂ ನಿಮಗೆ ಗೊತ್ತಿರಲಿಲ್ಲ. ಆದರೂ ನೀವು ಒಂದು ರಟ್ಟಿನ ಡಬ್ಬ ಹುಡುಕಿ ತಂದಿರಿ. ಅದರಲ್ಲಿ ಸಾಕ್ಸ್, ಸೋಪು, ಬಿಸ್ಕೆಟ್, ಟಾರ್ಚಿನ ಬ್ಯಾಟರಿ ತುಂಬಿ, ಎಲ್ಲೋ ದೂರದಲ್ಲಿ ಕಾವಲಿಗಿದ್ದ ನಮ್ಮಂಥ ಸೈನಿಕರಿಗೆ ಕಳಿಸಿದಿರಿ. ಟೇಪಂತೂ ಎಷ್ಟು ಸುತ್ತಿದ್ದಿರಿ ಅಂದರೆ ಬಿಚ್ಚೋಕೆ ಚಾಕುವೇ ಬೇಕಾಗುತ್ತಿತ್ತು. ಆ ಡಬ್ಬಗಳು ನಮಗೆ ತಲುಪಿದವು. ಇಷ್ಟು ಹೇಳೋಕೆ ಇಷ್ಟೊಂದು ವರ್ಷ ತಗೊಂಡೆ. ಅದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ.

ಉತ್ತರ ಬರೆಯೋಕೆ ಕೂತಿದ್ದು ಉಂಟು. ಒಂದಲ್ಲ, ನಾಲ್ಕೈದು ಸಲ. ಪೆನ್ನು ಹಿಡಿದ ಮೇಲೆ ತೊಂದರೆ ಶುರುವಾಗುತ್ತಿತ್ತು. ಎಲ್ಲಿದ್ದೇವೆ ಅಂತ ಬರೆಯುವಂತಿಲ್ಲ. ಏನು ಮಾಡುತ್ತಿದ್ದೇವೆ ಅಂತಲೂ ಬರೆಯುವಂತಿಲ್ಲ. ಎಷ್ಟು ಜನ ಇದ್ದೇವೆ, ಯಾವಾಗ ವಾಪಸ್ ಹೊರಡುತ್ತೇವೆ, ಅದೂ ಇಲ್ಲ. ಉಳಿದದ್ದು ಹವಾಮಾನ. ‘ಇಲ್ಲಿ ಚಳಿ ಇದೆ, ಸಾಕ್ಸ್ ತಲುಪಿತು, ವಂದನೆಗಳು’ ಅಂತ ಬರೆದು ಓದಿ ನೋಡಿದರೆ ಅಂಗಡಿ ರಸೀದಿ ಥರ ಕಾಣುತ್ತಿತ್ತು. ಹರಿದು ಹಾಕುತ್ತಿದ್ದೆ. ಅಷ್ಟರಲ್ಲಿ ಡ್ಯೂಟಿಗೆ ಕರೆ ಬರುತ್ತಿತ್ತು. ಹೀಗೇ ತಿಂಗಳುಗಳು ಕಳೆದವು, ಜಾಗ ಬದಲಾಯಿತು, ನಿಮ್ಮ ವಿಳಾಸ ಇದ್ದ ಚೀಟಿಗಳೂ ಎಲ್ಲೋ ಹೋದವು. ಈಗ ಮನೆಯಲ್ಲಿದ್ದೇನೆ. ಪುರುಸೊತ್ತು ಇದೆ, ಬೇಡ ಅನ್ನುವವರಿಲ್ಲ. ವಿಳಾಸ ಮಾತ್ರ ಇಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಸಿಕ್ಕೀತು.

ನೀವು ಊಹಿಸಿರದ ಒಂದು ಸಂಗತಿಯಿಂದಲೇ ಶುರು ಮಾಡುತ್ತೇನೆ. ಡಬ್ಬ ಬಿಚ್ಚಿದಾಗ ನಾವು ಮೊದಲು ಕೈ ಹಾಕುತ್ತಿದ್ದದ್ದು ನೀವು ಆರಿಸಿ ಆರಿಸಿ ಇಟ್ಟ ಸಾಮಾನಿಗಲ್ಲ. ಸಾಮಾನು ಅಲ್ಲಾಡದೆ ಇರಲಿ ಅಂತ ಸಂದಿಗೆ ಮುದುರಿ ತುರುಕಿದ್ದಿರಲ್ಲ, ಆ ಹಳೇ ನ್ಯೂಸ್‌ಪೇಪರಿಗೆ.

ನಿಜ ಹೇಳುತ್ತಿದ್ದೇನೆ. ಉಂಡೆಯಾಗಿದ್ದ ಹಾಳೆಯನ್ನು ಹರಿಯದ ಹಾಗೆ ಬಿಡಿಸಬೇಕು. ತೊಡೆ ಮೇಲೆ ಹಾಸಿ ಅಂಗೈಯಿಂದ ಉಜ್ಜಿ ಉಜ್ಜಿ ಸುಕ್ಕು ತೆಗೆಯಬೇಕು. ಅದಕ್ಕೇ ಒಬ್ಬ ಗೆಳೆಯ ಇದ್ದ, ಅವನ ಕೈಗೆ ಕೊಟ್ಟರೆ ಇಸ್ತ್ರಿ ಹಾಕಿದ ಹಾಗೆ ಮಾಡಿಕೊಡುತ್ತಿದ್ದ. ಪೇಪರಿನ ತಾರೀಖು ನೋಡಿದರೆ ಎರಡು ತಿಂಗಳು ಹಳೆಯದು. ಇರಲಿ. ದೊಡ್ಡ ಸುದ್ದಿ ನಮಗೆ ರೇಡಿಯೋದಲ್ಲಿ ಹೇಗೂ ಗೊತ್ತಾಗುತ್ತಿತ್ತು. ಮಂತ್ರಿ ಏನಂದರು, ಯಾವ ಸರಕಾರ ಬಿತ್ತು, ಅದಕ್ಕೆಲ್ಲ ನಿಮ್ಮ ಡಬ್ಬ ಬೇಕಿರಲಿಲ್ಲ. ನಮಗೆ ಬೇಕಿದ್ದದ್ದು ಆರನೇ ಪುಟದ ಮೂಲೆ. ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ. ಬೀಗದ ಕೈ ಗೊಂಚಲು ಕಳೆದಿದೆ, ಸಿಕ್ಕವರು ದಯವಿಟ್ಟು ತಿಳಿಸಿ. ಗಾಳಿ ಬೆಳಕು ಚೆನ್ನಾಗಿರುವ ಎರಡು ರೂಮಿನ ಮನೆ ಬಾಡಿಗೆಗಿದೆ. ಈ ಕೊನೆಯದನ್ನು ಒಬ್ಬ ವಾರಗಟ್ಟಲೆ ಜೋರಾಗಿ ಓದಿದ. ಕೊನೆಗೆ ನಮಗೆಲ್ಲ ಬಾಯಿಪಾಠ ಆಯಿತು. ಮಳೆ ಬಂದು ಬಂಕರ್ ಸೋರೋಕೆ ಶುರುವಾದರೆ ಯಾರೋ ಒಬ್ಬರು ಮೂಲೆಯಿಂದ ‘ಗಾಳಿ ಬೆಳಕು ಚೆನ್ನಾಗಿದೆ’ ಅನ್ನುತ್ತಿದ್ದರು.

ಇನ್ನೊಂದು ಸಲ ಮ್ಯಾಚಿನ ವರದಿ ಬಂತು. ಅರ್ಧ ಹಾಳೆ ಮಾತ್ರ. ಕೊನೆಯ ಓವರಿಗೆ ಬಂದ ಹೊತ್ತಿಗೆ ಹಾಳೆ ಮುಗಿದಿತ್ತು. ಯಾರು ಗೆದ್ದರು ಅಂತ ಎರಡು ದಿನ ಜಗಳ. ಉಳಿದರ್ಧ ಇನ್ನೊಬ್ಬನ ಡಬ್ಬದಲ್ಲಿ ಏನಾದರೂ ಇದೆಯಾ ಅಂತ ಎಲ್ಲ ಡಬ್ಬಗಳನ್ನೂ ಬುಡಮೇಲು ಮಾಡಿದೆವು. ಇರಲಿಲ್ಲ.

ಆಮೇಲಾಮೇಲೆ ಪೇಪರಿನ ಜಾಗಕ್ಕೆ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಬಂತು. ಸಾಮಾನು ಒಡೆಯದೆ ಬರುತ್ತಿತ್ತು, ಒಪ್ಪುತ್ತೇನೆ. ಐದು ನಿಮಿಷ ಗುಳ್ಳೆ ಒಡೆದು ಮಜಾ ಮಾಡಿದೆವು. ಆಮೇಲೆ ಓದೋಕೆ ಏನೂ ಇರಲಿಲ್ಲ. ಈಗಲೂ ಯಾರಾದರೂ ಸೈನಿಕರಿಗೆ ಪಾರ್ಸೆಲ್ ಕಟ್ಟುತ್ತಿದ್ದರೆ ನನ್ನದೊಂದು ವಿನಂತಿ. ಪೇಪರನ್ನೇ ತುರುಕಿ. ಆದರೆ ಇಡೀ ಹಾಳೆ ಇರಲಿ.

ಸೋಪಿನ ವಿಷಯವನ್ನೂ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೇ ಪರಿಮಳದ ಸೋಪು, ಪಕ್ಕದಲ್ಲೇ ಬಿಸ್ಕೆಟ್, ಎರಡೂ ಒಂದೇ ಡಬ್ಬದಲ್ಲಿ ಐದಾರು ವಾರ ಬಿಸಿಲಲ್ಲಿ ಬೆಂದು ಬಂದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ. ನಮಗೆ ಗೊತ್ತು. ಬಿಸ್ಕೆಟ್ ಬಾಯಿಗೆ ಹಾಕಿಕೊಂಡರೆ ಸ್ನಾನ ಮಾಡಿದ ಹಾಗಿರುತ್ತಿತ್ತು. ಆದರೂ ಒಂದನ್ನೂ ಎಸೆಯಲಿಲ್ಲ. ಚಾಕೊಲೇಟ್ ಕರಗಿ, ಡಬ್ಬದ ಮೂಲೆಯ ಆಕಾರಕ್ಕೇ ಗಟ್ಟಿಯಾಗಿ ಬರುತ್ತಿತ್ತು. ಅದನ್ನೂ ಚಾಕುವಿನಲ್ಲಿ ಎಬ್ಬಿಸಿ ತಿಂದೆವು. ಸೋಪನ್ನು ಬೇರೆ ಕವರಿನಲ್ಲಿ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ. ಅಷ್ಟು ಸಾಕು.

ಸಾಕ್ಸ್ ಕಳಿಸಿದವರಿಗೆ ಮಾತ್ರ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಿಮ್ಮಲ್ಲಿ ಕೆಲವರು ಚೀಟಿಯಲ್ಲಿ ‘ಬರೀ ಸಾಕ್ಸ್ ಕಳಿಸುತ್ತಿದ್ದೇವೆ, ಕ್ಷಮಿಸಿ’ ಅಂತ ಬರೆದಿದ್ದಿರಿ. ಬರೀ ಸಾಕ್ಸಾ? ಬೂಟಿನೊಳಗೆ ನೀರು ಹೋಗಿ, ಬಿಚ್ಚೋಕೆ ಆಗದೆ, ಅದೇ ಒದ್ದೆ ಸಾಕ್ಸಿನಲ್ಲಿ ಎರಡು ದಿನ ನಿಂತು ನೋಡಿ. ಕಾಲಿನ ಚರ್ಮ ಬೆಂದ ಆಲೂಗಡ್ಡೆ ಸಿಪ್ಪೆಯ ಹಾಗೆ ಬಿಳಿಚಿ ಸುಲಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತು ನಿಂತು ಸಾವಿರಾರು ಸೈನಿಕರ ಕಾಲು ಹೀಗೇ ಕೆಟ್ಟಿತು, ಎಷ್ಟೋ ಜನ ಬೆರಳು, ಪಾದ ಕಳೆದುಕೊಂಡರು. ಸಾಕ್ಸ್ ಬದಲಾಯಿಸಬೇಕು, ಕಾಲಿಗೆ ಎಣ್ಣೆ ಹಚ್ಚಬೇಕು ಅಂತ ಸೈನ್ಯದಲ್ಲಿ ಆರ್ಡರ್ ಆಯಿತು, ಅಧಿಕಾರಿಗಳು ಕಾಲು ನೋಡುವ ಪದ್ಧತಿ ಬಂತು. ಒಣ ಸಾಕ್ಸ್ ಅಂದರೆ ನಮಗೆ ಔಷಧಿ.

ಇದು ಇವತ್ತು ನಿನ್ನೆಯ ಮಾತೂ ಅಲ್ಲ. ಉತ್ತರ ಇಂಗ್ಲೆಂಡಿನಲ್ಲಿ ವಿಂಡೋಲಾಂಡ ಅಂತ ಒಂದು ಹಳೇ ರೋಮನ್ ಕೋಟೆ ಇದೆ. ಅಲ್ಲಿ ಅಗೆದಾಗ 1973ರಿಂದ ಈಚೆಗೆ ತೆಳ್ಳಗಿನ ಮರದ ಹಾಳೆಗಳು ಸಿಗುತ್ತಾ ಬಂದವು, ಮೇಲೆ ಶಾಯಿಯಲ್ಲಿ ಬರೆದದ್ದು. ಸುಮಾರು 1900 ವರ್ಷ ಹಳೆಯವು. ಅದರಲ್ಲೊಂದು ಹೀಗೇ ಪಾರ್ಸೆಲ್ ಜೊತೆಗಿನ ಪತ್ರ. ನಿನಗೆ ಸಾಕ್ಸ್ ಕಳಿಸಿದ್ದೇನೆ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ ಕಳಿಸಿದ್ದೇನೆ ಅಂತ ಅದರಲ್ಲಿದೆ. ಕಳಿಸಿದವರ ಹೆಸರು ಅಳಿಸಿಹೋಗಿದೆ, ಸಾಕ್ಸಿನ ಮಾತು ಉಳಿದಿದೆ. ಇದನ್ನು ಓದಿದ ದಿನ ನನಗೆ ನಗು ತಡೆಯೋಕೆ ಆಗಲಿಲ್ಲ. ಚಳಿ ದೇಶದ ಮೂಲೆಯಲ್ಲಿ ಕಾವಲು ಕಾಯುತ್ತಿದ್ದ ಆ ರೋಮನ್ ಸೈನಿಕ, ಒಳಚಡ್ಡಿ ಹೊರಗೆ ತೆಗೆದಾಗ ಪಕ್ಕದವರು ಸುಮ್ನೆ ಬಿಟ್ಟಿರುತ್ತಾರಾ? ನಮ್ಮವರಂತೂ ಬಿಡುತ್ತಿರಲಿಲ್ಲ.

ದೊಡ್ಡ ಮಟ್ಟದಲ್ಲಿ ಡಬ್ಬ ಹಂಚಿದ್ದೂ ಇದೆ. 1914ರಲ್ಲಿ ಬ್ರಿಟನ್ನಿನ ರಾಜಕುಮಾರಿ ಮೇರಿ, ಆಗ ಅವಳಿಗೆ 17 ವರ್ಷ, ಕ್ರಿಸ್‌ಮಸ್ಸಿಗೆ ಸೈನಿಕರಿಗೂ ನಾವಿಕರಿಗೂ ಉಡುಗೊರೆ ಕಳಿಸಬೇಕು ಅಂತ ಜನರಿಂದ ಹಣ ಕೂಡಿಸಿದಳು. ಹಿತ್ತಾಳೆಯ ಪುಟ್ಟ ಡಬ್ಬಿ. ಹೊಗೆಸೊಪ್ಪು, ಸಿಗರೇಟು, ಪೈಪು, ಒಂದು ಕಾರ್ಡು, ಅವಳದೊಂದು ಫೋಟೋ. ನನಗೆ ಇಷ್ಟವಾಗಿದ್ದು ಇದಲ್ಲ. ಸಿಗರೇಟು ಸೇದದವರಿಗೆ ಬೇರೆ ಡಬ್ಬಿ ಮಾಡಿದರು, ಅದರಲ್ಲಿ ಹುಳಿ ಪೆಪ್ಪರಮೆಂಟು, ಪೆನ್ಸಿಲ್, ಕಾಗದ, ಲಕೋಟೆ. ನರ್ಸುಗಳಿಗೆ ಚಾಕೊಲೇಟ್. ಭಾರತದಿಂದ ಹೋದ ಸಿಖ್ ಸೈನಿಕರಿಗೆ ಸಿಗರೇಟು ತೆಗೆದು ಕಲ್ಲುಸಕ್ಕರೆ, ಮಸಾಲೆ ಇಟ್ಟರು. ಯಾರೋ ಒಬ್ಬರು ಕೂತು, ಈ ಡಬ್ಬಿ ಬಿಚ್ಚುವವನು ಯಾರು, ಅವನಿಗೆ ಏನು ಆಗುತ್ತದೆ, ಏನು ಆಗಲ್ಲ ಅಂತ ಯೋಚನೆ ಮಾಡಿದ್ದಾರೆ ಅಲ್ವಾ? ಕೊನೆಗೆ 25 ಲಕ್ಷಕ್ಕೂ ಹೆಚ್ಚು ಡಬ್ಬಿ ಹಂಚಿದರು. ಹೊಗೆಸೊಪ್ಪು ಮುಗಿದ ಮೇಲೆ ಎಷ್ಟೋ ಜನ ಖಾಲಿ ಡಬ್ಬಿಯನ್ನು ಮನೆಗೆ ಕಳಿಸಿದರು. ಇವತ್ತಿಗೂ ಕೆಲವು ಮನೆಗಳಲ್ಲಿ ಅವು ಇವೆ.

ಖಾಲಿ ಡಬ್ಬ ಅಂದಾಗ ಒಬ್ಬ ಗೆಳೆಯ ನೆನಪಾಗುತ್ತಾನೆ. ಹೆಸರು ಬೇಡ. ಪಾರ್ಸೆಲ್ ಗಾಡಿ ಬರುವ ದಿನ ಅವನು ತಾನಾಗಿ ಕಾವಲು ಡ್ಯೂಟಿ ಕೇಳಿ ತಗೊಳ್ಳುತ್ತಿದ್ದ. ನಮಗೆಲ್ಲ ಖುಷಿ. ನಾವು ಆರಾಮಾಗಿ ಡಬ್ಬ ಬಿಚ್ಚಬಹುದಲ್ಲ. ಎಷ್ಟು ಒಳ್ಳೆಯವನಪ್ಪ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅವನಿಗೆ ಬರೆಯುವವರು, ಕಳಿಸುವವರು ಯಾರೂ ಇರಲಿಲ್ಲ. ಒಬ್ಬೊಬ್ಬರ ಹೆಸರು ಕೂಗುವಾಗ ಅಲ್ಲಿ ಇರಬಾರದು, ಅಷ್ಟೇ ಅವನ ಲೆಕ್ಕ.

ಒಂದು ಸಲ ನಿಮ್ಮಲ್ಲೇ ಯಾರದೋ ಒಂದು ಡಬ್ಬ ಬಂತು. ಮೇಲೆ ಹೆಸರಿಲ್ಲ. ‘ಯಾರಾದರೂ ಒಬ್ಬ ಸೈನಿಕನಿಗೆ’ ಅಂತಿತ್ತು. ನಮ್ಮ ಸೀನಿಯರ್ ಅದನ್ನು ಎತ್ತಿಕೊಂಡು ಹೋಗಿ ಅವನ ಮಂಚದ ಮೇಲಿಟ್ಟರು. ಯಾರಿಗೂ ಏನೂ ಹೇಳಲಿಲ್ಲ. ಅವನು ಡ್ಯೂಟಿ ಮುಗಿಸಿ ಬಂದ. ನೋಡಿದ. ಡಬ್ಬವನ್ನು ಮಂಚದ ಕೆಳಗೆ ತಳ್ಳಿ ಮಲಗಿದ. ನಾಲ್ಕು ದಿನ ಬಿಚ್ಚಲಿಲ್ಲ. ನಾವೂ ಕೇಳಲಿಲ್ಲ, ಕೇಳೋಕೆ ಬಾಯಿ ಬರಲಿಲ್ಲ. ಐದನೇ ದಿನ ಬಿಚ್ಚಿ, ಒಳಗಿದ್ದದ್ದನ್ನೆಲ್ಲ ನಮಗೆ ಹಂಚಿದ. ತನಗೆ ಅಂತ ಒಂದು ಬಾಚಣಿಗೆ ಇಟ್ಟುಕೊಂಡ. ಮತ್ತೆ ಆ ಡಬ್ಬ. ಅಲ್ಲಿರುವ ತನಕ ಅವನ ಬಟ್ಟೆಯೆಲ್ಲ ಅದರಲ್ಲೇ. ಒಂದು ಮೂಲೆ ಹರಿದಾಗ ಟೇಪು ಹಾಕಿ ಸರಿ ಮಾಡಿದ. ಆ ಡಬ್ಬ ಕಳಿಸಿದವರು ನೀವಾಗಿದ್ದರೆ, ಅದು ಯಾರಿಗೆ ಸಿಕ್ಕಿತು ಅಂತ ಈಗಲಾದರೂ ನಿಮಗೆ ಗೊತ್ತಾಗಲಿ.

ಹೀಗೆ ಹೆಸರಿಲ್ಲದೆ ಕಳಿಸುವುದು ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದಲ್ಲಿ 2001ರಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಅನ್ನುವ ಮಾರಕ ರೋಗಾಣುವಿನ ಪುಡಿ ಬಂದು ಜನ ಸತ್ತ ಮೇಲೆ, ‘ಯಾರಾದರೂ ಸೈನಿಕನಿಗೆ’ ಅಂತ ಬರೆದ ಪತ್ರ, ಪಾರ್ಸೆಲ್ಲುಗಳನ್ನು ಅಲ್ಲಿನ ರಕ್ಷಣಾ ಇಲಾಖೆ ನಿಲ್ಲಿಸಿತು. ಸರಿಯಾದ ತೀರ್ಮಾನವೇ. ಗುರುತಿಲ್ಲದ ಡಬ್ಬ ಅಂದರೆ ಯಾವ ಕಾವಲುಗಾರನಿಗೂ ಹೆದರಿಕೆ ಇದ್ದೇ ಇರುತ್ತದೆ. ಅದಕ್ಕೆ ಮೊದಲು ನಿಯಮ ಕೇಳಿಕೊಳ್ಳಿ. ಹೆಸರು ಬೇಕೇ ಬೇಕು ಅಂದರೆ, ನಿಮಗೆ ಗೊತ್ತಿರುವ ಒಬ್ಬ ಸೈನಿಕನ ಹೆಸರಿಗೆ ಕಳಿಸಿ, ಒಳಗೆ ಒಂದು ಚೀಟಿ ಇಡಿ: ‘ಇದರಲ್ಲಿ ಅರ್ಧ ಪಾರ್ಸೆಲ್ ಬರದವರಿಗೆ.’ ಯಾರಿಗೆ ಬರಲ್ಲ ಅಂತ ಅಲ್ಲಿ ಇರುವವನಿಗೆ ಗೊತ್ತಿರುತ್ತದೆ.

ನಿಮಗೂ ನಮಗೂ ನಡುವೆ ಇದ್ದವರನ್ನು ಮರೆತರೆ ತಪ್ಪಾಗುತ್ತದೆ. ಡಬ್ಬ ತಾನಾಗಿ ನಡೆದು ಬರುವುದಿಲ್ಲ. 1945ರ ಫೆಬ್ರವರಿಯಲ್ಲಿ ಅಮೆರಿಕದ ಸೇನೆ 6888ನೇ ಅಂಚೆ ಬೆಟಾಲಿಯನ್ ಅನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಕಳಿಸಿತು. ಹೆಚ್ಚುಕಡಿಮೆ ಎಲ್ಲರೂ ಕಪ್ಪು ವರ್ಣದ ಹೆಂಗಸರು, 850ಕ್ಕೂ ಹೆಚ್ಚು ಜನ, ಮುಂದಾಳು ಮೇಜರ್ ಚಾರಿಟಿ ಆಡಮ್ಸ್. ಅಲ್ಲಿ ಚಳಿಗೆ ಬಿಸಿ ಮಾಡುವ ವ್ಯವಸ್ಥೆ ಇಲ್ಲದ ಕಟ್ಟಡಗಳಲ್ಲಿ, ಯೂರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಬಂದ 1 ಕೋಟಿ 70 ಲಕ್ಷದಷ್ಟು ಪತ್ರ, ಪಾರ್ಸೆಲ್ ರಾಶಿ ಬಿದ್ದಿದ್ದವು. ಹಾಳಾದ ಕೇಕಿನ ವಾಸನೆಗೆ ಇಲಿಗಳು ನುಗ್ಗಿ ಡಬ್ಬ ಕೊರೆದಿದ್ದವು. ರಾಬರ್ಟ್ ಸ್ಮಿತ್ ಅನ್ನುವ ಹೆಸರಿನವರೇ 7,500 ಮಂದಿ, ಸೈನಿಕನ ನಂಬರ್ ನೋಡಿ ಯಾವ ಸ್ಮಿತ್ ಯಾವನು ಅಂತ ಕಂಡುಹಿಡಿಯಬೇಕು. ಆ ಹೆಂಗಸರು ಹಗಲು ರಾತ್ರಿ ಮೂರು ಪಾಳಿಯಲ್ಲಿ ಕೂತು, ಆರು ತಿಂಗಳು ಬೇಕು ಅಂದಿದ್ದ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಅಮೆರಿಕದ ಸಂಸತ್ತಿನ ಚಿನ್ನದ ಪದಕ ಅವರಿಗೆ ಘೋಷಣೆಯಾಗಿದ್ದು 2022ರಲ್ಲಿ. ಉತ್ತರ ಬರೆಯೋಕೆ ನಾನೊಬ್ಬನೇ ತಡ ಮಾಡಿದ್ದಲ್ಲ, ನೋಡಿ.

ಸೆರೆ ಸಿಕ್ಕ ಸೈನಿಕನಿಗೂ ಪಾರ್ಸೆಲ್ ತಲುಪಬೇಕು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಊಟ, ಬಟ್ಟೆ, ಔಷಧಿ ಇರಲಿ, ವಾದ್ಯ, ಪರೀಕ್ಷೆಯ ಪ್ರಶ್ನೆಪತ್ರಿಕೆ ಕೂಡ ಆ ಪಟ್ಟಿಯಲ್ಲಿದೆ. ಅಂಚೆ ವೆಚ್ಚವೂ ಇಲ್ಲ, ಸುಂಕವೂ ಇಲ್ಲ. ಬೇರೆ ಏನನ್ನೂ ಒಪ್ಪದೆ ಹೊಡೆದಾಡುವ ದೇಶಗಳು ಇದೊಂದನ್ನು ಒಪ್ಪಿ ಸಹಿ ಹಾಕಿವೆ.

ಈಗ ಒಂದು ಕಹಿ ಮಾತು. ಒಂದು ಸಂಸ್ಥೆಯವರು, ಯಾರು ಅಂತ ಹೇಳುವುದಿಲ್ಲ, ನಮಗೆ ಒಂದೇ ಸಲ ನೂರಾರು ಡಬ್ಬ ಕಳಿಸಿದರು. ಡಬ್ಬದ ನಾಲ್ಕೂ ಕಡೆ ಅವರದೇ ಹೆಸರು, ದೊಡ್ಡ ಅಕ್ಷರದಲ್ಲಿ. ನಮ್ಮನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಹೆಸರು ಕಾಣುವ ಹಾಗೆ ಡಬ್ಬ ಹಿಡಿಸಿ ಫೋಟೋ ತೆಗೆದರು. ಮುಕ್ಕಾಲು ಗಂಟೆ. ಒಬ್ಬ ತಲೆಕೆಳಗಾಗಿ ಹಿಡಿದಿದ್ದ ಅಂತ ಮತ್ತೊಮ್ಮೆ ತೆಗೆದರು. ಆಮೇಲೆ ಬಿಚ್ಚಿ ನೋಡಿದರೆ ಶೇವಿಂಗ್ ಕ್ರೀಮಿನ ತಾರೀಖು ಹಿಂದಿನ ವರ್ಷವೇ ಮುಗಿದಿತ್ತು. ಬಾಯಿಂದ ಥ್ಯಾಂಕ್ಸ್ ಹೇಳಿದೆವು, ಹೇಳಲೇಬೇಕಲ್ಲ. ಈ ಪತ್ರದ ಥ್ಯಾಂಕ್ಸ್ ಮಾತ್ರ ಅವರಿಗೆ ಅಲ್ಲ. ಮನೆಯಲ್ಲಿ ಅಡುಗೆ ಮುಗಿಸಿ, ನೆಲದ ಮೇಲೆ ಕೂತು, ಇದು ಹಿಡಿಸುತ್ತಾ, ಅದು ಒಡೆಯುತ್ತಾ ಅಂತ ತಲೆ ಕೆಡಿಸಿಕೊಂಡು ಒಂದೇ ಒಂದು ಡಬ್ಬ ಕಟ್ಟಿದಿರಲ್ಲ, ನಿಮಗೆ.

ಮತ್ತೆ ಒಂದು ಮಾತು. ನಾವು ಹೊರಟ ಹೊಸದರಲ್ಲಿ ಡಬ್ಬಗಳ ಮಳೆ. ಇಡೋಕೆ ಜಾಗ ಇಲ್ಲ. ಹತ್ತನೇ ತಿಂಗಳಿಗೆ ಗಾಡಿ ಖಾಲಿ ಬರುತ್ತಿತ್ತು. ತಪ್ಪಿಲ್ಲ, ನಿಮಗೂ ನಿಮ್ಮ ಕೆಲಸ ಇರುತ್ತದೆ. ಆದರೆ ಬೇಕಾಗಿದ್ದದ್ದು ಹತ್ತನೇ ತಿಂಗಳಲ್ಲೇ. ಮೊದಲ ತಿಂಗಳು ನಮ್ಮ ಹತ್ತಿರ ಇನ್ನೂ ಮನೆಯ ಸೋಪು ಇರುತ್ತದೆ, ಹೇಳೋಕೆ ಕತೆಗಳೂ ಇರುತ್ತವೆ. ಹತ್ತನೇ ತಿಂಗಳಿಗೆ ಒಬ್ಬರ ಕತೆ ಒಬ್ಬರಿಗೆ ಪೂರ್ತಿ ಗೊತ್ತಾಗಿ, ಎಲ್ಲರೂ ಗೋಡೆ ನೋಡುತ್ತಾ ಕೂತಿರುತ್ತೇವೆ. ಎರಡು ಡಬ್ಬ ಕಳಿಸುವ ಯೋಚನೆ ಇದ್ದರೆ ಒಂದನ್ನು ತಡವಾಗಿ ಕಳಿಸಿ.

ಕೊನೆಯದಾಗಿ, ಎಲ್ಲ ಚೀಟಿ ಕಳೆದುಹೋದವು ಅಂದೆನಲ್ಲ, ಒಂದು ಉಳಿದಿದೆ. ನಾಲ್ಕನೇ ಕ್ಲಾಸಿನ ಹುಡುಗಿಯದು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬ್ಯಾಟರಿ ಇದ್ದ ಡಬ್ಬದಲ್ಲಿ ಅದು ಬಂತು. ಗೆರೆ ಹಾಕಿದ ಹಾಳೆ, ಹಿಂದೆ ಒಂದು ಚಿತ್ರ. ಮುಂದೆ ಮೂರೇ ಸಾಲು. ‘ನೀವು ಚೆನ್ನಾಗಿದ್ದೀರಾ? ನಿಮಗೆ ರಾತ್ರಿ ಲೈಟ್ ಹಾಕ್ಕೊಂಡು ಮಲಗೋಕೆ ಬಿಡ್ತಾರಾ? ನನಗೆ ಬಿಡಲ್ಲ.’

ಇಲ್ಲ ಪುಟ್ಟಿ, ನಮಗೂ ಬಿಡುತ್ತಿರಲಿಲ್ಲ. ಕತ್ತಲಾದ ಮೇಲೆ ಹೊರಗೆ ಬೆಳಕು ಕಾಣಬಾರದು. ಏನಾದರೂ ಓದಲೇಬೇಕು ಅಂದರೆ ಕೆಂಪು ಗಾಜಿನ ಟಾರ್ಚ್, ಅದೂ ಕಂಬಳಿಯೊಳಗೆ. ನೀನು ಕಳಿಸಿದ ಬ್ಯಾಟರಿಯನ್ನೇ ಹಾಕಿಕೊಂಡು, ಕಂಬಳಿ ಹೊದ್ದು ನಿನ್ನ ಪತ್ರ ಓದಿದೆ. ಹಿಂದೆ ತಿರುಗಿಸಿದರೆ ಒಂದು ಮನೆ, ಒಂದು ಮರ, ಬಂದೂಕು ಹಿಡಿದ ಒಬ್ಬ ಸೈನಿಕ. ಎಲ್ಲ ಕಪ್ಪು ಕಪ್ಪಾಗಿತ್ತು. ಮೇಲೆ ಆಕಾಶ ಖಾಲಿ. ಈ ಮಗು ರಾತ್ರಿ ಕಾವಲು ಕಾಯುವವನ ಚಿತ್ರ ಬರೆದಿದೆ, ಎಷ್ಟು ಸರಿಯಾಗಿ ಊಹಿಸಿದೆ ಅಂದುಕೊಂಡೆ.

ಬೆಳಿಗ್ಗೆ ಆರಕ್ಕೆ ಕಾವಲು ಬದಲಾದಾಗ ಜೇಬಿನಿಂದ ಹಾಳೆ ತೆಗೆದು ಮತ್ತೊಮ್ಮೆ ನೋಡಿದೆ. ಮನೆ ನೀಲಿ, ಮರ ಹಸಿರು. ಖಾಲಿ ಅಂದುಕೊಂಡಿದ್ದ ಜಾಗದಲ್ಲಿ ಹಾಳೆಯ ಕಾಲು ಭಾಗ ತುಂಬುವಷ್ಟು ದೊಡ್ಡ ಸೂರ್ಯ. ಅದನ್ನು ನೀನು ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದೆ. ಕೆಂಪು ಬೆಳಕಲ್ಲಿ ಕಂಡಿರಲಿಲ್ಲ.

ಇಂತಿ,
ನಿಮ್ಮ ಡಬ್ಬಗಳು ತಲುಪಿದವರಲ್ಲಿ ಒಬ್ಬ